ದೊಡ್ಡಾಕಿಯ ಕುಪ್ಪಸ

ನನ್ನ ತೋಳಿನ ಹಿಂಭಾಗದ ಬಗ್ಗೆ ನನಗೆ ಮೊದಲು ತಿಳಿಸಿಕೊಟ್ಟವರು ಏಳನೇ ತರಗತಿಯ ಮಕ್ಕಳು. ಮದುವೆಗೆ ಮುಂಚೆ ಬೀದರ ಜಿಲ್ಲೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಬೋರ್ಡು ಒರೆಸುವಾಗಲೆಲ್ಲ ಬೆನ್ನ ಹಿಂದೆ ಕಿಸಿಕಿಸಿ ನಗು. ತಿರುಗಿ ನೋಡಿದರೆ ಎಲ್ಲರೂ ಮಹಾ ಸಭ್ಯರು. ಒಂದು ದಿನ ಮುಂದಿನ ಬೆಂಚಿನ ಹುಡುಗಿಯನ್ನು ಗದರಿಸಿ ಕೇಳಿದೆ. "ಟೀಚರ್, ನೀವು ಒರಸೋದು ನಿಲ್ಲಿಸಿದ ಮ್ಯಾಲೂ ನಿಮ್ಮ ಕೈ ಒರಸತಿರ್ತೈತಿರಿ" ಎಂದಳು. ಮೊಣಕೈ ಮೇಲಿನ ಆ ಜೋಲು ಮಾಂಸ ಅಷ್ಟಿತ್ತು. ನಾನೂ ನಕ್ಕುಬಿಟ್ಟೆ. ಆಗ ನನಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ಮೂವತ್ತು ದಾಟಿದ ಮೇಲೆ ಬಂದ ಸಂಬಂಧ ಹೈದರಾಬಾದಿನದು. ಹುಡುಗನ ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು. ಆರು ವರ್ಷದ ಮಗಳು, ವಯಸ್ಸಾದ ತಾಯಿ. ಕೆಲಸ ಮಾದಾಪುರದಲ್ಲಿ, ಕಂಪ್ಯೂಟರಿನದು. ಅಲ್ಲಿ ಆಗ ಗಾಜಿನ ಕಟ್ಟಡಗಳು ಏಳುತ್ತಲೇ ಇದ್ದವು. ಕಟ್ಟುವವರು ನಮ್ಮ ಕಡೆಯ ಜನ, ಒಳಗೆ ಕೂರುವವರು ಬೇರೆ. ನನ್ನ ಗಂಡ ಕೂರುವವರ ಪೈಕಿ. ಅಮೆರಿಕದವರು ಎದ್ದಿರುವಾಗ ಇವರು ಎದ್ದಿರಬೇಕು. ಸಂಜೆ ಕ್ಯಾಬು ಬಂದು ಕರೆದುಕೊಂಡು ಹೋಗುತ್ತಿತ್ತು, ಬೆಳಕು ಹರಿದ ಮೇಲೆ ತಂದು ಬಿಡುತ್ತಿತ್ತು. ಹಗಲಿಡೀ ಒಳಕೋಣೆಯ ಬಾಗಿಲು ಹಾಕಿಕೊಂಡು ನಿದ್ದೆ. ಹೀಗಾಗಿ ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅತ್ತೆ ಪಾತ್ರೆಯನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು, ಮಗು ಬೆರಳ ತುದಿಯ ಮೇಲೆ ನಡೆಯುತ್ತಿತ್ತು. ತರಗತಿಯ ಗದ್ದಲದಲ್ಲಿ ಬೆಳೆದ ನನಗೆ ಅಲ್ಲಿ ನನ್ನ ಬಳೆಯ ಸದ್ದೇ ಅತಿಯೆನಿಸುತ್ತಿತ್ತು.

ಮನೆ ಇದ್ದದ್ದು ಜೀಡಿಮೆಟ್ಲಾದ ಹತ್ತಿರ. ಮಾವ ಅಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಕಟ್ಟಿಸಿದ ಮನೆಯಂತೆ. ಅವರು ಹೋಗಿ ಬಹಳ ವರ್ಷಗಳಾಗಿದ್ದವು. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಮನೆ ತುಂಬ ಔಷಧಿಯ ವಾಸನೆ. ಬಂದ ಹೊಸತರಲ್ಲಿ ನಾನು ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿದ ಮೇಲೂ ವಾಸನೆ ಇರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಮೂಸುತ್ತಾ ಹೋದರೆ ಅತ್ತೆಯ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಬಂದು ನಿಲ್ಲುತ್ತಿದ್ದೆ.

ತೀರಿಕೊಂಡವಳನ್ನು ಮನೆಯಲ್ಲಿ 'ದೊಡ್ಡಾಕಿ' ಎನ್ನುತ್ತಿದ್ದರು. ಅವಳ ಬಗ್ಗೆ ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳುತ್ತಿರಲಿಲ್ಲ. ಎರಡನೆಯವಳ ಮುಂದೆ ಮೊದಲನೆಯವಳ ಮಾತು ಎತ್ತಬಾರದು ಎಂಬುದು ಅತ್ತೆಯ ಶಾಸ್ತ್ರ. ಏನಾಗಿತ್ತು ಎಂದು ಕೇಳಿದ್ದಕ್ಕೆ "ಆರಾಮ ಇರಲಿಲ್ಲ" ಎಂದರು, ಅಷ್ಟೆ. ದೇವರ ಮೂಲೆಯಲ್ಲಿ ಒಂದು ಫೋಟೋ ಇತ್ತು. ಅದು ಮುಖದ್ದು ಮಾತ್ರ; ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ.

ಮಗು ನನ್ನನ್ನು 'ಚಿಗವ್ವ' ಎಂದು ಕರೆಯುತ್ತಿತ್ತು, ಅದೂ ಅಜ್ಜಿ ತಿವಿದರೆ. ಮೊದಲ ತಿಂಗಳು ನನ್ನ ಹತ್ತಿರ ಸುಳಿಯಲೇ ಇಲ್ಲ. ನಾನೂ ಲಲ್ಲೆಗರೆಯುವವಳಲ್ಲ. ಒಂದು ಮಧ್ಯಾಹ್ನ ಚಾಪೆಯ ಮೇಲೆ ಒರಗಿದ್ದಾಗ ಪಕ್ಕದಲ್ಲಿ ಬಂದು ಮಲಗಿದಳು. ಸ್ವಲ್ಪ ಹೊತ್ತಿಗೆ ನನ್ನ ತೋಳಿನ ಹಿಂಭಾಗದಲ್ಲಿ ಸಣ್ಣ ಬೆರಳುಗಳು ಓಡಾಡಿದವು. ಆ ಜೋಲು ಮಾಂಸವನ್ನೇ ಹಿಡಿದು ಮೆಲ್ಲಗೆ ಹಿಸುಕುತ್ತಿದ್ದಳು. ಹಾಗೆ ಹಿಸುಕುತ್ತಲೇ ನಿದ್ದೆ ಹೋದಳು. ಆಮೇಲೆ ಅದೇ ರೂಢಿಯಾಯಿತು. ನಾನು ಕೈ ಎಳೆದುಕೊಂಡರೆ ನಿದ್ದೆಯಲ್ಲೇ ಹುಡುಕಿ ಮತ್ತೆ ಹಿಡಿಯುತ್ತಿದ್ದಳು. ನನಗೆ ಹೆಮ್ಮೆಯಾಗುತ್ತಿತ್ತು. ಇಡೀ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಆಗ ಇದ್ದದ್ದು ಅದೊಂದೇ.

ಆಷಾಢ ಮುಗಿಯುವ ಹೊತ್ತಿಗೆ ಅತ್ತೆ ಪೆಟ್ಟಿಗೆ ತೆಗೆದು ಒಂದು ಹಸಿರು ಇಳಕಲ್ಲು ಸೀರೆ, ಅದರ ಖಣದ ಕುಪ್ಪಸ ಹೊರಗಿಟ್ಟರು. ನುಸಿಗುಳಿಗೆಯ ಜೊತೆ ಅದೇ ಔಷಧಿಯ ವಾಸನೆ ಗಪ್ಪನೆ ಹೊಡೆಯಿತು.

"ಮಹಾಲಯದಾಗ ನವಮಿ ಬರ್ತೈತಿ. ಮುತ್ತೈದಿ ಸತ್ತಾಕಿಗೆ ಅವತ್ತ ಎಡಿ. ನಮ್ಮ ಮನ್ಯಾಗ ಹೊರಗಿನ ಮುತ್ತೈದೀನ ಕೂಡ್ಸೂದಿಲ್ಲ. ಆಕಿ ಜಾಗಕ್ಕ ಬಂದಾಕೀನ ಆಕಿ ಸೀರಿ ಕುಪ್ಪಸ ಉಟಗೊಂಡು ಎಲಿ ಮುಂದ ಕುಂಡ್ರಬೇಕು" ಎಂದರು. ಆಮೇಲೆ ತೀರಾ ಸಹಜವಾಗಿ, "ಆಕಿ ಬಂದು ಉಣ್ಣಾಕ ಒಂದು ಮೈ ಬೇಕಲ್ಲವ್ವ" ಎಂದರು.

ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕೂತು ಈ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಆದರೂ ಕುಪ್ಪಸ ಹಾಕಿ ನೋಡಿದೆ. ತೋಳು ಮೊಣಕೈ ದಾಟಿ ನಾಲ್ಕು ಬೆರಳು ಮೇಲೆ ಹೋಗಿ ಸಿಕ್ಕಿಕೊಂಡಿತು. ಎಳೆದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ಯಾರೋ ತೋಳು ಹಿಡಿದುಕೊಂಡು ಬಿಡಲೊಲ್ಲೆ ಎಂದ ಹಾಗೆ. ಅತ್ತೆ ಎಣ್ಣೆ ಹಚ್ಚಿ ಬಿಡಿಸಬೇಕಾಯಿತು.

"ಬಿಚ್ಚಿ ಅಗಲ ಮಾಡ್ಕೋತೀನ್ರಿ."

"ಬ್ಯಾಡ. ಸತ್ತವರ ಬಟ್ಟಿಗೆ ಕತ್ತರಿ ಹಚ್ಚಬಾರದು."

"ಹಂಗಂದ್ರ ಹೊಸಾದು ಹೊಲಿಸೂಣು."

"ಆಕಿ ಗುರ್ತು ಹಿಡೀಬೇಕಲ್ಲ" ಎಂದು ಕುಪ್ಪಸ ಮಡಚಿಟ್ಟರು.

ಕುಪ್ಪಸ ಬದಲಾಗುವುದಿಲ್ಲ ಎಂದಮೇಲೆ ತೋಳೇ ಬದಲಾಗಬೇಕು. ನಾನು ಹಠಮಾರಿ. ಅದಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆಕಿಚ್ಚಾಗಿತ್ತು. ಫೋಟೋದಲ್ಲಿ ಮುಖ ಮಾತ್ರ ಇದ್ದವಳಿಗೆ ಈಗ ನನ್ನ ಮನಸ್ಸಿನಲ್ಲಿ ಬಳುಕುವ ಮೈ ಬಂದಿತ್ತು, ಎಳೆಯ ಬಿದಿರಿನಂಥ ತೋಳು ಬಂದಿತ್ತು. ಗಂಡ ನನ್ನನ್ನು ನೋಡಿದಾಗಲೆಲ್ಲ ಆ ತೋಳನ್ನು ನೆನೆಯುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ತೆಲುಗು ಚಾನೆಲ್ಲೊಂದರಲ್ಲಿ ಬೆಳಿಗ್ಗೆ ವ್ಯಾಯಾಮದ ಕಾರ್ಯಕ್ರಮ ಬರುತ್ತಿತ್ತು. ಬಿಗಿ ಬಟ್ಟೆ ತೊಟ್ಟ ಹೆಂಗಸೊಬ್ಬಳು ತೋಳು, ಹೊಟ್ಟೆ, ತೊಡೆ ಎಂದು ಒಂದೊಂದು ವಾರ ಒಂದೊಂದನ್ನು ಸಣ್ಣ ಮಾಡಿಸುತ್ತಿದ್ದಳು. ಒಳಗೆ ಗಂಡ ಮಲಗಿರುತ್ತಿದ್ದರಿಂದ ನಾನು ಸದ್ದು ಪೂರ್ತಿ ಇಳಿಸಿ ನೋಡುತ್ತಿದ್ದೆ. ಅವಳು ನಗುತ್ತಾ ಬಾಯಿ ಆಡಿಸುತ್ತಾ ಕೈ ಎತ್ತಿ ಇಳಿಸುತ್ತಿದ್ದಳು. ಮಾತು ಕೇಳದ ಆ ನಗು ನೋಡಿ ನೋಡಿ ನನಗೆ ಒಂಥರಾ ಆಗುತ್ತಿತ್ತು.

ಕಲಿತದ್ದು ಮೂರೇ ವ್ಯಾಯಾಮ. ಒಂದು, ನೀರು ತುಂಬಿದ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಹಿಂದೆ ಇಳಿಸಿ ಎತ್ತುವುದು. ಇನ್ನೊಂದು, ಕೈಯಿರುವ ಕುರ್ಚಿಯಲ್ಲಿ ಕೂತು, ಕಾಲಿಗೆ ಭಾರ ಕೊಡದೆ, ಕುರ್ಚಿಯ ಕೈಗಳನ್ನು ಒತ್ತಿ ಮೈಯನ್ನು ಮೇಲೆತ್ತುವುದು. ಮತ್ತೊಂದು, ಗೋಡೆಗೆ ಅಂಗೈ ಊರಿ ಮುಂದಕ್ಕೆ ವಾಲಿ ಹಿಂದಕ್ಕೆ ಬರುವುದು. ಇದರ ಜೊತೆಗೆ ಊಟದಲ್ಲಿ ರೊಟ್ಟಿ ಒಂದೇ ಒಂದು ಮಾಡಿಕೊಂಡೆ, ಅನ್ನ ಬಿಟ್ಟೆ.

ಪಡಸಾಲೆಯ ಮೂಲೆಯಲ್ಲಿ ಸಾಗುವಾನಿಯ ಹಳೆಯ ಕುರ್ಚಿಯಿತ್ತು. ಅದರ ಎರಡೂ ಕೈಗಳ ತುದಿಯಲ್ಲಿ ಪಾಲಿಷ್ ಹೋಗಿ ಮರ ಬೆಳ್ಳಗೆ ಕಾಣುತ್ತಿತ್ತು. ನಾನು ಅಂಗೈ ಊರಿದರೆ ಸರಿಯಾಗಿ ಆ ಸವೆದ ಜಾಗಕ್ಕೇ ಬೀಳುತ್ತಿತ್ತು. ಗೋಡೆಯದೂ ಹಾಗೆಯೇ. ಪಡಸಾಲೆಯಿಂದ ಬಚ್ಚಲಿಗೆ ಹೋಗುವ ದಾರಿಯ ಗೋಡೆಯಲ್ಲಿ, ನನ್ನ ಎದೆಯ ಮಟ್ಟಕ್ಕೆ, ಅಂಗೈಯಗಲದ ಕಂದು ಕಲೆಗಳಿದ್ದವು. ಸುಣ್ಣ ಹೊಡೆದಿದ್ದರೂ ಎಣ್ಣೆಯ ಜಿಡ್ಡು ಒಳಗಿನಿಂದ ಮೇಲೆದ್ದು ಬಂದಿತ್ತು. ಅಂಗೈ ಊರಲು ಬೇರೆ ಜಾಗ ಹುಡುಕಿದರೂ ವಾಲುವಾಗ ಕೈ ತಾನಾಗಿ ಆ ಕಲೆಗಳ ಮೇಲೆ ಹೋಗಿ ಕೂರುತ್ತಿತ್ತು. ಓಹೋ, ಮಹಾರಾಯಿತಿ ಇದೇ ವ್ಯಾಯಾಮ ಮಾಡುತ್ತಿದ್ದಳು, ಅದಕ್ಕೇ ಅಂಥ ತೋಳು ಎಂದುಕೊಂಡೆ. ಅವಳನ್ನು ಸೋಲಿಸಬೇಕೆಂದು ಇನ್ನೂ ಜೋರಾಗಿ ಒತ್ತಿದೆ. ಗೋಡೆ ತಣ್ಣಗಿರುತ್ತಿತ್ತು. ಮಳೆಗಾಲದಲ್ಲೂ ಸೆಕೆ ಬಿಡದ ಆ ಮನೆಯಲ್ಲಿ ಅಷ್ಟು ಜಾಗ ಮಾತ್ರ ಹೇಗೆ ತಣ್ಣಗಿರುತ್ತದೆ ಎಂದು ಆಗ ಯೋಚಿಸಲಿಲ್ಲ.

ನಾನು ಕುರ್ಚಿಯ ಕೈಗಳನ್ನು ಒತ್ತಿ ಮೇಲೇಳುವುದನ್ನು ಅತ್ತೆ ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಅಕ್ಕಿಯ ಮೊರ ಹಾಗೇ ಇಟ್ಟು ಒಳಗೆ ಹೋಗಿಬಿಟ್ಟರು. ಮುದುಕಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಮರುದಿನ ನೋಡಿದರೆ ಕುರ್ಚಿಯ ಮೇಲೆ ಮಡಚಿದ ಕೌದಿ ಇತ್ತು, ಪಕ್ಕದ ಸ್ಟೂಲಿನ ಮೇಲೆ ಮುಚ್ಚಿದ ನೀರಿನ ತಂಬಿಗೆ. ನನಗಾಗಿಯೇ ಎಂದುಕೊಂಡೆ. ಎಷ್ಟಾದರೂ ಅತ್ತೆ ಒಳ್ಳೆಯವರು ಎನ್ನಿಸಿತು. ಇಟ್ಟವರ ಮುಖವನ್ನು ಒಮ್ಮೆ ನೋಡಿದ್ದರೆ ಹಾಗೆನಿಸುತ್ತಿರಲಿಲ್ಲ.

ಶ್ರಾವಣದ ಕೊನೆಗೆ ಕುಪ್ಪಸದ ತೋಳು ಇನ್ನೆರಡು ಬೆರಳು ಮೇಲಕ್ಕೆ ಹೋಯಿತು. ತೋಳೊಂದೇ ಎಲ್ಲಿ ಇಳಿಯುತ್ತದೆ? ಕೆನ್ನೆಯೂ ಇಳಿಯಿತು, ಕೊರಳ ಎಲುಬು ಎದ್ದಿತು. ಬೇಗಂ ಬಜಾರಿನಲ್ಲಿ ನವಮಿಗೆಂದು ಹಸಿರು ಬಳೆ ಕೊಳ್ಳಲು ಹೋದಾಗ ಅಂಗಡಿಯವನು ನನ್ನ ಕೈಯನ್ನೂ ಅತ್ತೆಯ ಮುಖವನ್ನೂ ನೋಡಿ, ಕೇಳದೆಯೇ ಒಂದು ಅಳತೆಯ ಬಳೆ ತೆಗೆದಿಟ್ಟ. "ಆಪ್ ಕೀ ಬಹೂ ಕಾ ನಾಪ್ ಯಾದ್ ಹೈ ಅಮ್ಮಾ" ಎಂದ, ನಿಮ್ಮ ಸೊಸೆಯ ಅಳತೆ ನೆನಪಿದೆ ಎಂದು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬಳೆ ಸಲೀಸಾಗಿ ಏರಿದವು. ನನಗೆ ಗೆದ್ದ ಖುಷಿ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಮೈಯನ್ನು ಅರ್ಧ ಎತ್ತಿ ಹಿಡಿದುಕೊಂಡಿದ್ದೆ. ತೋಳಿನ ಹಿಂಭಾಗ ಥರಥರ ನಡುಗುತ್ತಿತ್ತು. ಹಾಗೆ ನಡುಗಿದರೇ ಫಲ ಎಂದು ಟಿವಿಯವಳ ಕೈಸನ್ನೆಯಿಂದ ತಿಳಿದುಕೊಂಡಿದ್ದೆ. ಒಳಕೋಣೆಯ ಬಾಗಿಲು ತೆರೆಯಿತು. ಗಂಡ ನಿದ್ದೆಗಣ್ಣಿನಲ್ಲಿ ನೀರಿಗೆಂದು ಎದ್ದು ಬಂದವರು ನನ್ನನ್ನು ಕಂಡು ಓಡಿಬಂದು ಬಗಲಿಗೆ ಕೈ ಕೊಟ್ಟರು. "ನಿಧಾನ, ನಿಧಾನ. ಕರೀಬೇಕಿಲ್ಲೋ? ನಾ ಹಿಡ್ಕೊಂಡೀನಿ, ಏಳು" ಎಂದರು. ಮದುವೆಯಾದಾಗಿನಿಂದ ಅಂಥ ಮೆತ್ತನೆಯ ದನಿಯನ್ನು ನಾನು ಕೇಳಿರಲಿಲ್ಲ. ಕೇಳಿ ಸಂತೋಷಪಡುವಷ್ಟರಲ್ಲಿ ಅವರು ನನ್ನ ಮುಖ ನೋಡಿದರು. ಪೂರ್ತಿ ಎಚ್ಚರವಾಯಿತು. ಕೈ ಬಿಟ್ಟು, ನೀರೂ ಕುಡಿಯದೆ ಹಿಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಎಬ್ಬಿಸಿದ್ದು ನನ್ನನ್ನಲ್ಲ ಎಂದು ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ, ಆಗ ಮೊದಲ ಬಾರಿಗೆ ನನಗೆ ಆ ಕುರ್ಚಿಯ ಭಯವಾಯಿತು.

ಅಷ್ಟರಲ್ಲಿ ಮಗು ನನ್ನ ತೋಳು ಹಿಡಿಯುವುದನ್ನು ಬಿಟ್ಟಿತ್ತು. ಮಧ್ಯಾಹ್ನ ಅಜ್ಜಿಯ ಪಕ್ಕ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ದಿನಕ್ಕೊಮ್ಮೆ ಮಾತ್ರ, ಶಾಲೆಯಿಂದ ಬಂದ ಕೂಡಲೇ, ಓಡಿಬಂದು ನನ್ನ ತೋಳಿಗೆ ಎರಡೂ ಕೈಯ ಬೆರಳು ಸುತ್ತಿ ನೋಡಿ ಹೋಗುತ್ತಿದ್ದಳು. ಆಟವೆಂದುಕೊಂಡೆ. ಆಮೇಲೆ ನನ್ನ ದಿಂಬಿನ ಕೆಳಗೆ ಬಿಸ್ಕೀಟು ಸಿಗತೊಡಗಿದವು. ತಲೆಬಾಚುವ ಕನ್ನಡಿಯ ಹಿಂದೆ ಅರ್ಧ ರೊಟ್ಟಿ, ಹೊಲಿಗೆ ಡಬ್ಬಿಯಲ್ಲಿ ಬೆಲ್ಲದ ಹರಳು, ಅದಕ್ಕೆ ಮುತ್ತಿದ ಇರುವೆ. ದೊಡ್ಡಾಕಿಗೆಂದು ಅತ್ತೆ ಇಡುತ್ತಿದ್ದಾರೋ ಎಂದು ಮೈ ತಣ್ಣಗಾಯಿತು. ತೀರಿಕೊಂಡವಳಿಗೆ ಹಸಿವಾಗಿದೆ, ಅವಳು ನನ್ನ ಸುತ್ತಮುತ್ತಲೇ ತಿನ್ನಲು ಹುಡುಕುತ್ತಿದ್ದಾಳೆ ಎಂಬ ಯೋಚನೆ ಒಮ್ಮೆ ಬಂದದ್ದು ಹೋಗಲೊಲ್ಲದು.

ಒಂದು ದಿನ ಗೋಡೆಗೆ ಕೈ ಊರಿ ವಾಲುತ್ತಿದ್ದಾಗ ಹಿಂದೆ ಉಸಿರಾಟ ಕೇಳಿಸಿತು. ತಿರುಗಿದರೆ ಮಗು. ಕೈಯಲ್ಲಿ ತನ್ನ ಪಾಲಿನ ಬಾಳೆಹಣ್ಣು.

"ತಿನ್ನು" ಎಂದಳು.

"ನನಗ ಬ್ಯಾಡ, ನೀ ತಿನ್ನು."

"ಅವ್ವನೂ ಬ್ಯಾಡ ಅಂತಿದ್ಲು." ಅವಳ ದನಿಯಲ್ಲಿ ಅಳುವಿರಲಿಲ್ಲ, ಪಾಠ ಒಪ್ಪಿಸುವ ದನಿ. "ಮೊದಲ ಕೈ ಹಿಂಗ ಆತು. ಆಮ್ಯಾಲ ಕುರ್ಚಿ ಒತ್ತಿ ಏಳತಿದ್ಲು. ಆಮ್ಯಾಲ ಈ ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗತಿದ್ಲು. ಆಮ್ಯಾಲ ಮಲಗಿದ್ಲು, ಏಳಲಿಲ್ಲ." ಸ್ವಲ್ಪ ತಡೆದು ಕೇಳಿದಳು: "ಚಿಗವ್ವ, ನೀ ಯಾವಾಗ ಮಲಗತಿ?"

ನನ್ನ ಅಂಗೈ ಇನ್ನೂ ಗೋಡೆಯ ಮೇಲೇ ಇತ್ತು. ಎತ್ತಿ ನೋಡಿದೆ. ಎರಡು ಕಲೆಗಳಷ್ಟೇ ಅಲ್ಲ, ಬಚ್ಚಲಿನ ಬಾಗಿಲವರೆಗೂ ಕಲೆಗಳ ಸಾಲು. ಮುಂದೆ ಹೋದಂತೆ ಒಂದಕ್ಕಿಂತ ಒಂದು ಕೆಳಗೆ. ಇಷ್ಟು ದಿನ ನಾನು ಅವುಗಳಲ್ಲಿ ಮೊದಲ ಎರಡನ್ನು ಮಾತ್ರ ನೋಡಿದ್ದೆ. ಸೋಲಿಸಬೇಕೆಂದು ಬೆನ್ನು ಹತ್ತಿದ್ದವಳು ಗೋಡೆ ಹಿಡಿದು ಬಾಗುತ್ತಾ ಬಾಗುತ್ತಾ ನಡೆದು ಹೋಗಿದ್ದಳು. ನಾನು ಕೈಗೆ ಕೈ ಕೊಟ್ಟು ಅವಳ ಹಿಂದೆಯೇ ಹೊರಟಿದ್ದೆ. ನಮ್ಮಿಬ್ಬರ ಹಿಂದೆ ಈ ಮಗು ನಿಂತು ಒಂದೊಂದೇ ಹೆಜ್ಜೆ ಗುರುತು ಹಿಡಿಯುತ್ತಿತ್ತು. ಬಾಳೆಹಣ್ಣು ಇಸಿದುಕೊಂಡು ಅವಳ ಎದುರಿಗೇ ತಿಂದೆ. ಅವಳು ನಾನು ನುಂಗುವುದನ್ನೇ ನೋಡುತ್ತಿದ್ದಳು.

ಕುಪ್ಪಸ ತೆಗೆದುಕೊಂಡು ಅತ್ತೆಯ ಮುಂದೆ ಕೂತೆ. "ಇದು ಯಾವಾಗಿಂದು ರೀ?" ಎಂದೆ. ಗಂಡ ಮಲಗಿದ್ದಾರೆಂದು ದನಿ ತಗ್ಗಿಸಲಿಲ್ಲ.

"ಕಡೀ ದೀಪಾವಳೀದು" ಎಂದರು.

"ಬ್ಯಾನ್ಯಾಗಿದ್ದಾಗಿಂದು. ನೀವು ಹೇಳಬೇಕಿತ್ತು."

ಅತ್ತೆ ಕುಪ್ಪಸದ ತೋಳನ್ನು ಒಳಮಗ್ಗಲು ಮಾಡಿ ನನ್ನ ಮುಂದೆ ಹಿಡಿದರು. ಒಳಗೆ ಒಂದರ ಪಕ್ಕ ಒಂದು ಹೊಲಿಗೆಯ ಸಾಲು. ಮಷಿನ್ನಿನದಲ್ಲ, ಕೈಹೊಲಿಗೆ, ಅಂಕುಡೊಂಕು. "ಹೊಲಿಸಿದ್ದು ಮೊದಲಿನ ಅಳತೀಗೇ. ತ್ವಾಳು ಸಡಲಾದ್ರ ಆಕಿಗೆ ಗೊತ್ತಾಗ್ತಿತ್ತಲ್ಲವ್ವ, ಕರಗಾಕತ್ತೀನಿ ಅಂತ. ಅದಕ್ಕ ಆಕಿ ಮಲಗಿದಾಗೆಲ್ಲ ಒಂದೀಟು ಹಿಡದು ಹೊಲೀತಿದ್ದೆ. 'ನೋಡ್ರಿ ಅತ್ತಿ, ಕುಪ್ಪಸ ಬರೋಬ್ಬರಿ ಕುಂಡ್ರತೈತಿ, ನಾ ಇದ್ದಂಗ ಅದೀನಿ' ಅಂತಿದ್ಲು. ನಾನೂ ಹೂಂ ಅಂತಿದ್ದೆ." ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇದನ್ನ ಬಿಚ್ಚಂದ್ರ ನನ್ನ ಕೈಲೆ ಆಗಲಿಲ್ಲ. ನೀ ಸಣ್ಣಾಗಾಕ ಹತ್ತಿದಾಗ ಬ್ಯಾಡ ಅನ್ನಾಕೂ ಬಾಯಿ ಬರಲಿಲ್ಲ. ಕುರ್ಚಿ ಮ್ಯಾಲ ನಿನ್ನ ನೋಡಿ ನೋಡಿ, ಆಕೀನ ತಿರುಗಿ ಬಂದಂಗಾಗ್ತಿತ್ತು."

ನನಗೆ ಸಿಟ್ಟು ಬಂತು. ಅಳುವೂ ಬಂತು. ಯಾವುದಕ್ಕೆ ದಾರಿ ಬಿಡಬೇಕೆಂದು ತಿಳಿಯದೆ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅವರ ಕೈಗೆ ಕೊಟ್ಟೆ. "ಇದು ಕತ್ತರಿ ಅಲ್ಲ. ನೀವ ಹಾಕಿದ ಹೊಲಿಗಿ, ನೀವ ಬಿಚ್ಚರಿ" ಎಂದೆ.

ಕುಪ್ಪಸವನ್ನು ಮೊಣಕಾಲ ಮೇಲೆ ಹರಡಿಕೊಂಡು ಬಿಚ್ಚಿದರು. ಒಂದೊಂದು ಟಾಕು ಎತ್ತಿದಾಗಲೂ ಸಣ್ಣಗೆ ಟಿಕ್ಕೆನ್ನುತ್ತಿತ್ತು. ಒಂದು ಸಾಲು ಹೋದರೆ ಅದರಾಚೆ ಇನ್ನೊಂದು. ಬಿಚ್ಚಿದ ಕಡೆ ಬಣ್ಣ ಮಾಸದ ಹಸಿರು ಕಾಣುತ್ತಿತ್ತು, ಔಷಧಿಯ ವಾಸನೆ ಬಿಟ್ಟುಬಿಟ್ಟು ಏಳುತ್ತಿತ್ತು. ಕೊನೆಯ ಸಾಲೂ ಹೋದಾಗ ತೋಳು ಎಷ್ಟು ಅಗಲವಾಯಿತೆಂದರೆ, ನಾನು ಈ ಮನೆಗೆ ಬಂದಾಗ ಇದ್ದ ತೋಳು ಅದರಲ್ಲಿ ನಿರಾಯಾಸವಾಗಿ ಹೋಗುತ್ತಿತ್ತು. ಬಿದಿರಿನಂಥವಳಲ್ಲ ಅವಳು. ನನ್ನಂಥವಳೇ. ಚಾಪೆಯ ಮೇಲೆ ಆ ಮೊದಲ ಮಧ್ಯಾಹ್ನ ಮಗುವಿನ ಬೆರಳು ಹುಡುಕಿಕೊಂಡು ಬಂದದ್ದು ಏನನ್ನು ಎಂದು ಆಗ ತಿಳಿಯಿತು. ಅದನ್ನೇ ನಾನು ಹಠ ಹಿಡಿದು ಕರಗಿಸಿದ್ದೆ.

ನವಮಿಯ ದಿನ ಆ ಸೀರೆ ಉಟ್ಟೆ, ಆ ಕುಪ್ಪಸ ತೊಟ್ಟೆ. ತೋಳು ಸಡಿಲವಾಗಿ ಗಾಳಿಯಾಡುತ್ತಿತ್ತು. ಗಂಡ ರಜೆ ಹಾಕಿ ಎಚ್ಚರವಾಗಿದ್ದರು, ಆದರೆ ತಲೆ ಎತ್ತಿ ನೋಡಲಿಲ್ಲ. ಅತ್ತೆ ಕುಂಕುಮವಿಟ್ಟು, ಉಡಿ ತುಂಬಿ, ಎಲೆಗೆ ಬಡಿಸಿದರು. ಮಗು ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತಿತ್ತು. ಊಟದ ಕೊನೆಗೆ ಎಲೆಯ ಮುಂದೆ ಕೂತವಳನ್ನು ತೀರಿಕೊಂಡವಳೆಂದೇ ತಿಳಿದು ಒಂದು ಮಾತು ಕೇಳುವುದು ಪದ್ಧತಿ. 'ಆತು' ಎಂದರೆ ಹೋದವಳು ತೃಪ್ತಳಾಗಿ ಹೋಗುತ್ತಾಳೆ. ನನಗೆ ಮೊದಲೇ ಹೇಳಿಕೊಟ್ಟಿದ್ದರು.

"ತೃಪ್ತಿ ಆತೇನವ್ವಾ?" ಎಂದರು ಅತ್ತೆ.

ನಾನು ಹೇಳಬೇಕೆಂದಿದ್ದು 'ಆತು' ಎಂದೇ. ಬಾಯಿಂದ ಬಂದದ್ದು ಬೇರೆ. "ಇಲ್ಲ ಅತ್ತಿ. ಇನ್ನೊಂದು ಹೋಳಿಗಿ ಹಾಕ್ರಿ" ಎಂದೆ. ದನಿ ನನ್ನದೇ ಇತ್ತು. ಆದರೆ ನಾನು ಅವರನ್ನು 'ಅತ್ತಿ' ಎಂದು ಅಲ್ಲಿಯವರೆಗೆ ಒಂದು ದಿನವೂ ಕರೆದಿರಲಿಲ್ಲ.

ಅತ್ತೆ ಹೋಳಿಗೆಯ ಪಾತ್ರೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ದೊಡ್ಡಾಕಿ ಕೊನೆಯ ತಿಂಗಳುಗಳಲ್ಲಿ ಏನು ಕೊಟ್ಟರೂ ಬ್ಯಾಡ ಎನ್ನುತ್ತಿದ್ದವಳಂತೆ. ಅಳುತ್ತಲೇ ಹೋಳಿಗೆ ಹಾಕಿದರು, ತುಪ್ಪ ಹಾಕಿದರು. ಅದು ಮುಗಿಯುವ ಮೊದಲೇ ಇನ್ನೊಂದು ಹಾಕಿದರು. ನಾನು ಎಲ್ಲವನ್ನೂ ಉಂಡೆ. ಅಷ್ಟು ಹಸಿವು ನನಗೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮಧ್ಯಾಹ್ನ ಸೀರೆ ಬಿಚ್ಚುವ ಶಕ್ತಿಯೂ ಇಲ್ಲದೆ ಹಾಗೇ ಚಾಪೆಯ ಮೇಲೆ ಒರಗಿದೆ. ಮಗು ಬಂದು ಪಕ್ಕದಲ್ಲಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳು ಕುಪ್ಪಸದ ಸಡಿಲ ತೋಳಿನೊಳಗೆ ಬಂತು, ಹಿಂಭಾಗದಲ್ಲಿ ತಡಕಾಡಿತು, ಹುಡುಕಿತು.

"ಸ್ವಲ್ಪ ಐತಿ" ಎಂದಳು.

"ಬೆಳೀತೈತಿ, ಮಲಗು" ಎಂದೆ.

ಇದ್ದಷ್ಟನ್ನೇ ಹಿಡಿದುಕೊಂಡು ಮಲಗಿದಳು.